ಸೊಸೆ ಹತ್ತಬಾರದ ಬೆಟ್ಟ

ಅಶ್ವತ್ಥಮ್ಮ ಕೂತದ್ದನ್ನು ನೋಡಿದವರು ಡೇಗಲಹಳ್ಳಿಯಲ್ಲಿ ಕಡಿಮೆ. ಊಟವನ್ನೂ ನಿಂತೇ ಮಾಡುತ್ತಾಳೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಮುದ್ದೆಯ ತಟ್ಟೆ ಹಿಡಿದು ಬಂಗಲೆಯ ಹಿಂಬಾಗಿಲಲ್ಲಿ ಕೂರುತ್ತಿದ್ದಳು. ಎರಡು ತುತ್ತು ನುಂಗುವಷ್ಟರಲ್ಲಿ ಏನೋ ನೆನಪಾಗಿ ಎದ್ದುಬಿಡುತ್ತಿದ್ದಳು. ಬೆಂಕಿ ನೋಡಬೇಕು, ಬಾವಿಯ ಹಗ್ಗ ಒಳಗಿಡಬೇಕು, ಕೋಳಿ ಓಡಿಸಬೇಕು. ಏನೂ ಇಲ್ಲದಿದ್ದರೆ ಹಿತ್ತಲಿಗೆ ಹೋಗಿ ಬೆಟ್ಟದ ಕಡೆ ಒಮ್ಮೆ ನೋಡಿ ಬರಬೇಕು. "ಕಾಲಲ್ಲಿ ಚಕ್ರ ಇಟ್ಕೊಂಡು ಹುಟ್ಟಿದಾಳೆ" ಎನ್ನುತ್ತಿದ್ದಳು ಅತ್ತೆ ಮುನಿಗಂಗಮ್ಮ.

ಡೇಗಲಹಳ್ಳಿ ಇರುವುದು ಮುಳಬಾಗಿಲು ತಾಲ್ಲೂಕಿನ ಅಂಚಿನಲ್ಲಿ. ನಂಗಲಿ ಬಸ್ಸಿನಿಂದ ಹೆದ್ದಾರಿಯಲ್ಲಿಳಿದು, ಸಾಲು ಲಾರಿಗಳು ಹಾದುಹೋಗುವವರೆಗೆ ಕಾದು, ಮಣ್ಣುದಾರಿಯಲ್ಲಿ ಗಂಟೆ ಹೊತ್ತು ನಡೆಯಬೇಕು. ಊರಿನ ಬೆನ್ನಿಗೇ ಡೇಗಲಕೊಂಡ. ಬುಡದಿಂದ ಮುಕ್ಕಾಲು ಎತ್ತರದವರೆಗೆ ಒಂದೇ ಬಂಡೆ. ಅದರ ಮೇಲೆ ಮನೆಯಷ್ಟು ದೊಡ್ಡ ಗುಂಡುಗಳು, ಅವುಗಳ ಸಂದಿಯಲ್ಲಿ ಸೀತಾಫಲದ ಗಿಡಗಳು, ಡೇಗೆ ಹಕ್ಕಿಗಳ ಗೂಡು. ಬುಡದಲ್ಲಿ ಕಲ್ಲುಗೋಡೆಯ, ಹೆಂಚು ಹೊದಿಸಿದ ಬಂಗಲೆ. ಹಿಂದೆ ಯಾವುದೋ ಕಾಲದಲ್ಲಿ ಸರ್ವೆಗೆ ಬರುವ ಸಾಹೇಬರಿಗೆಂದು ಕಟ್ಟಿಸಿದ್ದು, ಆಮೇಲೆ ಬಾವಲಿಗಳ ಪಾಲಾಗಿತ್ತು. ಎಪ್ಪತ್ತಾರನೆಯ ಇಸವಿಯಲ್ಲಿ ಬೆಂಗಳೂರಿನ ಬೆಟ್ಟ ಹತ್ತುವವರ ಸಂಘವೊಂದು ಅದನ್ನು ಪಡೆದು, ಬಾವಲಿಗಳನ್ನು ಓಡಿಸಿ, ಸುಗ್ಗಿಯ ಕಾಲದಿಂದ ಬೇಸಿಗೆಯವರೆಗೆ ಅಲ್ಲಿ ಶಿಬಿರ ನಡೆಸತೊಡಗಿತು. ಕಾಲೇಜು ಹುಡುಗರು, ಕಾರ್ಖಾನೆಯ ತರುಣರು ಬಂದಿಳಿಯುತ್ತಿದ್ದರು. ಕರೆಂಟಿಲ್ಲ, ನಲ್ಲಿಯಿಲ್ಲ. ಜಗುಲಿಯಲ್ಲಿ ಸಾಲಾಗಿ ಮಲಗಿ, ಬೆಳಕು ಹರಿಯುವ ಮುಂಚೆ ಎದ್ದು, ಸೊಂಟಕ್ಕೆ ಹಗ್ಗ ಬಿಗಿದು ಬಂಡೆಗೆ ಅಂಟಿಕೊಳ್ಳುತ್ತಿದ್ದರು. ಎರಡು ಗುಂಡುಗಳ ನಡುವೆ ಹಗ್ಗ ಕಟ್ಟಿ, ಕಮರಿಯ ಮೇಲೆ ಜೋತಾಡುತ್ತ ಈ ಕಡೆಯಿಂದ ಆ ಕಡೆಗೆ ಹೋಗುತ್ತಿದ್ದರು. ಕೊನೆಯ ದಿನ ನೆತ್ತಿಯ ಗವಿಯಲ್ಲಿ ತಂಗಿ ಬರುವುದು ರೂಢಿ.

ಬಂಗಲೆಯನ್ನು ನೋಡಿಕೊಳ್ಳುವ ಮೇಟಿಯ ಕೆಲಸ ಅಶ್ವತ್ಥಮ್ಮನ ಗಂಡ ಆಂಜಿನಪ್ಪನದು. ಅಡುಗೆ ಅವಳದು. ಏಳು ವರ್ಷ ಅವಳು ಬೆಟ್ಟ ಹತ್ತುವವರಿಗೆ ಬೇಯಿಸಿ ಹಾಕಿದಳು. ಅಷ್ಟು ವರ್ಷವೂ ಅವಳ ಕಾಲು ಬೆಟ್ಟದ ಮೊದಲ ಬಂಡೆಯನ್ನು ತುಳಿದಿರಲಿಲ್ಲ.

ತುಳಿಯುವಂತಿರಲಿಲ್ಲ. ಡೇಗಲಹಳ್ಳಿಯಲ್ಲಿ ಬೆಟ್ಟವೇ ಹಿರಿಯ. ಊರಿನಲ್ಲಿ ಹುಟ್ಟಿದವರಿಗೆಲ್ಲ ಅದು ತಾತ. ಊರಿಗೆ ಮದುವೆಯಾಗಿ ಬಂದ ಹೆಣ್ಣುಗಳಿಗೆಲ್ಲ ಮಾವ. ತಾತನ ಹೆಗಲ ಮೇಲೆ ಯಾರು ಬೇಕಾದರೂ ಹತ್ತಬಹುದು. ಮಾವನ ಮೈ ಮೇಲೆ ಸೊಸೆ ಕಾಲಿಡುವುದುಂಟೆ? ಸೊಸೆಯರು ನೀರಿಗೆ ಹೋಗುವಾಗ ಬೆಟ್ಟದ ಎದುರಿಗೆ ಬಂದರೆ ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ಮದುವೆಯಾಗಿ ಹೊರಗೆ ಹೋದ ಹೆಣ್ಣುಮಕ್ಕಳಾದರೋ ಹಬ್ಬಕ್ಕೆ ತವರಿಗೆ ಬಂದವರೇ ಸೀರೆ ಎತ್ತಿ ಕಟ್ಟಿ ಮೇಲಕ್ಕೋಡಿ, ಸೀತಾಫಲ ತಿಂದು ಬೀಜ ಉಗಿಯುತ್ತ, ಕೆಳಗೆ ಕಸ ಗುಡಿಸುತ್ತಿದ್ದ ಅತ್ತಿಗೆಯರನ್ನು ಹೆಸರು ಹಿಡಿದು ಕೂಗಿ ರೇಗಿಸುತ್ತಿದ್ದರು. ಹೊರಗಿನ ಊರಿನವರಿಗೆ ಯಾವ ಕಟ್ಟೂ ಇಲ್ಲ. ಅವರು ಬೆಟ್ಟಕ್ಕೆ ಏನೂ ಆಗಬೇಕಿಲ್ಲ.

ಉಳಿದ ಸೊಸೆಯರಿಗೆ ಇದು ದೊಡ್ಡ ಸಂಕಟವಾಗಿರಲಿಲ್ಲ. ಅವರು ಆ ಬೆಟ್ಟದ ನೆತ್ತಿಯನ್ನು ಯಾವತ್ತೂ ಕಂಡವರಲ್ಲ. ಅಶ್ವತ್ಥಮ್ಮ ಕಂಡಿದ್ದಳು. ಅವಳು ಹುಟ್ಟಿದ್ದು ಶ್ರೀನಿವಾಸಪುರದ ಪಕ್ಕದ ಹಳ್ಳಿಯಲ್ಲಾದರೂ, ತಾಯಿ ರಾಮಲಕ್ಷ್ಮಮ್ಮ ಇದೇ ಊರಿನ ಮಗಳು, ಮುನಿಗಂಗಮ್ಮನ ಹಿರಿಯ ಮಗಳು. ರಜೆ ಬಂದರೆ ಅಶ್ವತ್ಥಮ್ಮ ಅಜ್ಜಿಯ ಮನೆಗೆ ಓಡಿ ಬರುತ್ತಿದ್ದಳು; ಬಂದವಳು ಮನೆಯಲ್ಲಿರುತ್ತಿದ್ದುದು ಊಟದ ಹೊತ್ತಿಗೆ ಮಾತ್ರ. ಜಾರುಬಂಡೆಯನ್ನು ಬರಿಗಾಲಲ್ಲಿ ಒಂದೇ ಉಸಿರಿಗೆ ಓಡಿ ಹತ್ತುತ್ತಿದ್ದಳು. ನೆತ್ತಿಯ ದೊಣೆಯಲ್ಲಿ ಮಳೆಗಾಲದ ನೀರು ನಿಂತಿರುತ್ತಿತ್ತು, ಅದರಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ಅವಳು ಕೂರುತ್ತಿದ್ದ ಜಾಗ ಅದೊಂದೇ ಇರಬೇಕು.

ಎಪ್ಪತ್ತನೆಯ ಇಸವಿಯಲ್ಲಿ, ಹದಿನಾರು ತುಂಬಿದಾಗ, ಅವಳನ್ನು ಸೋದರಮಾವ ಆಂಜಿನಪ್ಪನಿಗೇ ಕೊಟ್ಟು ಮದುವೆ ಮಾಡಿದರು. ಅವನನ್ನು ಮೊದಲೂ ಮಾವ ಎನ್ನುತ್ತಿದ್ದಳು, ಆಮೇಲೂ ಮಾವ ಎಂದಳು. ಅತ್ತೆಯಾದ ಅಜ್ಜಿಯನ್ನು ಅಜ್ಜಿ ಎನ್ನುವುದನ್ನೂ ಬಿಡಲಿಲ್ಲ. ಮನೆ ಅದೇ, ಒಲೆ ಅದೇ, ಮಲಗುವ ಚಾಪೆ ಕೂಡ ಅದೇ. ಬದಲಾದದ್ದು ಬೆಟ್ಟ ಮಾತ್ರ. ಮದುವೆಯ ಮರುವಾರ ಅಭ್ಯಾಸದಂತೆ ಹಿತ್ತಲು ದಾಟಿ ಬಂಡೆಯ ಕಡೆ ಹೊರಟವಳನ್ನು ಅಜ್ಜಿ ಜಡೆ ಹಿಡಿದು ನಿಲ್ಲಿಸಿದಳು.

"ಎಲ್ಲಿಗೇ?"

"ಮ್ಯಾಲಕ್ಕೆ."

"ಇನ್ಮೇಲೆ ನಿಂಗೆ ಮ್ಯಾಲೆ ಅನ್ನೋದಿಲ್ಲ. ಬಾ, ಹುಳಕ್ಕೆ ಸೊಪ್ಪು ಹಾಕು."

ಹದಿಮೂರು ವರ್ಷ ಹುಳಕ್ಕೆ ಸೊಪ್ಪು ಹಾಕಿದಳು. ಮನೆಯ ಹಿಂದೆ ಅರ್ಧ ಎಕರೆ ಹಿಪ್ಪುನೇರಳೆ, ನಡುಮನೆಯಲ್ಲಿ ರೇಷ್ಮೆ ಹುಳುವಿನ ತಟ್ಟೆಗಳು. ಹುಳುಗಳು ಮೇಯುವ ಸದ್ದು ಅವಳಿಗೆ ಹಿಂಸೆಯಾಗುತ್ತಿತ್ತು. ಇಡೀ ಮನೆ ಒಳಗೊಳಗೇ ಎಲ್ಲಿಗೋ ಹೊರಟಂತೆ ಸರಸರ ಎನ್ನುತ್ತದೆ, ಎಲ್ಲಿಗೂ ಹೋಗುವುದಿಲ್ಲ ಎಂದು ಗಂಡನಿಗೆ ಒಮ್ಮೆ ಹೇಳಿದ್ದಳು. ಅವನು ನಕ್ಕಿದ್ದ. ಈಗ ಎಂಟು ವರ್ಷದ ಮಗಳು ಶಾಮಲ ಊರಿನಲ್ಲಿ ಹುಟ್ಟಿದವಳು, ಬೆಟ್ಟದ ಮೊಮ್ಮಗಳು. ಶಾಲೆ ಬಿಟ್ಟವಳೇ ಹತ್ತಿಬಿಡುತ್ತಿದ್ದಳು. "ಅಮ್ಮಾ, ನಮ್ಮನೆ ಬೆಂಕಿಪೊಟ್ಣದಷ್ಟು ಕಾಣಿಸ್ತೈತೆ!" ಎಂದು ಮೇಲಿನಿಂದ ಕೂಗುತ್ತಿದ್ದಳು. ಅಶ್ವತ್ಥಮ್ಮನಿಗೆ ಗೊತ್ತಿತ್ತು, ಯಾವ ಗುಂಡಿನ ಮೇಲೆ ನಿಂತರೆ ಮನೆ ಅಷ್ಟು ಚಿಕ್ಕದಾಗಿ ಕಾಣುತ್ತದೆಂದು. ಕೈಯಲ್ಲಿದ್ದ ಸೌಟನ್ನು ಎಲ್ಲೋ ಇಟ್ಟು, ಆಮೇಲೆ ಅರ್ಧ ಗಂಟೆ ಹುಡುಕುತ್ತಿದ್ದಳು.

ಎಂಬತ್ತಮೂರರ ಡಿಸೆಂಬರಿನಲ್ಲಿ ಸಂಘದವರು ಮೊದಲ ಸಲ ಹುಡುಗಿಯರ ಶಿಬಿರ ಇಟ್ಟುಕೊಂಡರು. ಅದರ ಮುಖ್ಯಸ್ಥೆ ಅನಂತಲಕ್ಷ್ಮಿ, ಮುಳಬಾಗಿಲಿನ ಹಳೆಯ ಶಾನುಭೋಗರ ಮನೆಯ ಹುಡುಗಿ, ಬೆಂಗಳೂರಿನ ಬ್ಯಾಂಕೊಂದರಲ್ಲಿ ಕೆಲಸ. ಪ್ಯಾಂಟು ತೊಟ್ಟು ಓಡಾಡುತ್ತಿದ್ದುದರಿಂದ ಊರಿನ ಹೆಂಗಸರು ಅವಳಿಗೆ ಪ್ಯಾಂಟಮ್ಮ ಎಂದು ಹೆಸರಿಟ್ಟಿದ್ದರು. ಶಿಬಿರಕ್ಕೆ ವಾರ ಮುಂಚೆ ಅವಳು ಬಂಗಲೆಗೆ ಬಂದು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಅಶ್ವತ್ಥಮ್ಮ ಅವರೆಕಾಯಿ ಸುಲಿಯುತ್ತಿದ್ದಳು.

"ಅಶ್ವತ್ಥಮ್ಮ, ಒಂದು ಪಜೀತಿ ಆಗಿದೆ. ಹುಡುಗೀರ ಜೊತೆ ಮೇಲೆ ತಂಗೋಕೆ ನನ್ನ ಬಿಟ್ಟು ಇನ್ನೊಬ್ಬ ದೊಡ್ಡ ಹೆಂಗಸು ಇರ್ಲೇಬೇಕು ಅಂತ ಸಂಘದವರು ಹೇಳಿದಾರೆ. ಕೋಲಾರದಿಂದ ಒಬ್ಬ ಟೀಚರ್ ಬರೋರಿದ್ರು, ಮಗಳ ಬಾಣಂತನ ಅಂತ ಬರಲ್ಲ ಅಂದ್ಬಿಟ್ರು. ನೀವು ಬರ್ತೀರಾ?"

ಅಶ್ವತ್ಥಮ್ಮನ ಕೈ ನಿಂತಿತು.

"ನಾನಾ?"

"ನೀವೇ. ಹತ್ತೋದು ನಾನು ಹೇಳಿಕೊಡ್ತೀನಿ."

"ಹತ್ತೋದು ನಂಗೆ ಗೊತ್ತು ಮೇಡಂ" ಎಂದಳು ಅಶ್ವತ್ಥಮ್ಮ. ಆಮೇಲೆ ಎದ್ದು, ಸುಲಿದ ಕಾಳಿನ ಮೊರವನ್ನು ಜಗುಲಿಗೆ ತಂದಳು, ಒಳಗೆ ಒಯ್ದಳು, ಮತ್ತೆ ತಂದಳು. "ಬಿಡಲ್ಲ" ಎಂದಳು ಕೊನೆಗೆ.

"ಯಾರು? ಆಂಜಿನಪ್ಪನಾ?"

"ಅಯ್ಯೋ, ಮಾವನ್ನ ಯಾರು ಕೇಳ್ತಾರೆ? ಬೆಟ್ಟ ಬಿಡಲ್ಲ."

ಇಂಥ ವಿಷಯಕ್ಕೆಲ್ಲ ಊರಿನಲ್ಲಿ ಕೊನೆಯ ಮಾತು ಪೆದ್ದಪ್ಪನದು. ಎಂಬತ್ತರ ಹತ್ತಿರದ ಮುದುಕ. ಬೆಟ್ಟಕ್ಕೆ ವರ್ಷದ ಮೊದಲ ಕಾಯಿ ಒಡೆಯುವ ಮನೆತನ. ಮರುದಿನ ಬೆಳಿಗ್ಗೆ ಅನಂತಲಕ್ಷ್ಮಿ ಅವನ ಕಣಕ್ಕೆ ಹೋದಳು. ರಾಗಿ ತೆನೆಯ ಮೇಲೆ ಎತ್ತು ಕಟ್ಟಿದ ಕಲ್ಲುಗುಂಡು ಉರುಳುತ್ತಿತ್ತು. ಅನಂತಲಕ್ಷ್ಮಿಯ ಹಿಂದೆ ಸ್ವಲ್ಪ ದೂರದಲ್ಲಿ ಮುನಿಗಂಗಮ್ಮ, ಅವಳ ಹಿಂದೆ ನಿಂತಲ್ಲಿ ನಿಲ್ಲಲಾರದೆ ಅಶ್ವತ್ಥಮ್ಮ.

ಅನಂತಲಕ್ಷ್ಮಿ ವಿಷಯ ಹೇಳಿ, "ಬೇಕಾದ್ರೆ ತಪ್ಪುಕಾಣಿಕೆ ಇಟ್ಟು, ಪೂಜೆ ಮಾಡ್ಸಿ ಹತ್ತಲಿ" ಎಂದಳು.

ಪೆದ್ದಪ್ಪ ಹುಲ್ಲು ಹರವುತ್ತಲೇ ಹೇಳಿದ: "ಚೂಡಮ್ಮಾ, ಇಲ್ನೋಡು, ನಿಮ್ಮ ಮಾವನೋರ ಹೆಗಲ ಮ್ಯಾಲೆ ಕೂತ್ಕೊಂಡು, ಆಮ್ಯಾಕೆ ಕಾಯಿ ಒಡೆದ್ರೆ ಸರಿಹೋಯ್ತದಾ?"

"ನನಗೆ ಮದುವೆಯಾಗಿಲ್ಲ" ಎಂದಳು ಅನಂತಲಕ್ಷ್ಮಿ.

"ಅದಕ್ಕೇ ಕೇಳ್ತಾ ಇದೀಯ."

ಕಣದಲ್ಲಿದ್ದವರು ನಕ್ಕರು. ಅನಂತಲಕ್ಷ್ಮಿಯೂ ನಕ್ಕಳು. ಅಲ್ಲಿಗೆ ಮಾತು ಮುಗಿದಂತೆ ಕಂಡಿತು. ಆಗ ಮುನಿಗಂಗಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಏನ್ ಪೆದ್ದಣ್ಣ, ನಮ್ಮ ರಾಮಲಕ್ಷ್ಮಿ ಈ ಊರಿನ ಮಗಳು ಹೌದೋ ಅಲ್ವೋ?"

"ಹೌದು. ಯಾರು ಅಲ್ಲ ಅಂದೋರು?"

"ಅವಳ ಮಗಳು ಬೆಟ್ಟಕ್ಕೆ ಏನಾಗ್ಬೇಕು?"

ಪೆದ್ದಪ್ಪ ಕೆಲಸ ನಿಲ್ಲಿಸಿದ. "ಮೊಮ್ಮಗಳು. ಅಂದ್ರೆ, ಆಗಿದ್ಲು. ಈಗ ಸೊಸೆ."

"ನನ್ನ ಮನೇಲಿದ್ದಾಗ ಸೊಸೆ. ಅವರಮ್ಮನ ಮನೆಯಿಂದ ಬಂದ್ರೆ?"

ಎತ್ತುಗಳು ಎರಡು ಸುತ್ತು ಬಂದವು. ಮುದುಕ ತಲೆವಸ್ತ್ರ ಬಿಚ್ಚಿ ಕಟ್ಟಿದ. ಅವನಿಗೂ ಈ ಲೆಕ್ಕ ಹೊಸದು. ಮುನಿಗಂಗಮ್ಮ ಐವತ್ತು ವರ್ಷದ ಹಿಂದೆ ಮಾಲೂರಿನ ಕಡೆಯಿಂದ ಸೊಸೆಯಾಗಿ ಬಂದವಳು, ಅಲ್ಲಿಯವರೆಗೆ ಈ ಕಟ್ಟಳೆಯನ್ನು ಅವನಿಗಿಂತ ಬಿಗಿಯಾಗಿ ಕಾಯ್ದವಳು. ಅವಳೇ ಹೀಗೆ ಕೇಳುತ್ತಾಳೆಂದು ಯಾರೂ ಎಣಿಸಿರಲಿಲ್ಲ.

"ಅಂಗಾದ್ರೆ ಮೊಮ್ಮಗಳಂಗೇ ಬರ್ಬೇಕು" ಎಂದ ಪೆದ್ದಪ್ಪ ಕೊನೆಗೆ. "ಊರಿನ ಗಡಿ ದಾಟಿ ಹೋಗಿ, ಅವರಮ್ಮನ ಮನೇಲಿ ಮಲಗೆದ್ದು ಬರ್ಲಿ. ನೀನು ಗಡೀಗೆ ಹೋಗಿ ಕಾಲಿಗೆ ನೀರು ಕೊಟ್ಟು ಕರ್ಕೋ. ಆದ್ರೆ ಕೇಳು, ಮೊಮ್ಮಗಳಾಗಿ ಇರೋಗಂಟ ಗಂಡನ ಹೊಸ್ತಿಲು ತುಳಿಯಂಗಿಲ್ಲ. ಈ ಊರಿನ ಒಲೆ ಹಚ್ಚಂಗಿಲ್ಲ. ಅರ್ಧ ಸೊಸೆ ಅರ್ಧ ಮೊಮ್ಮಗಳು ಅಂದ್ರೆ ನಾನೊಪ್ಪಲ್ಲ."

ದಾರಿಯಲ್ಲಿ ಅಶ್ವತ್ಥಮ್ಮ ಅಜ್ಜಿಗಿಂತ ಹತ್ತು ಮಾರು ಮುಂದಿದ್ದಳು. ತಿರುಗಿ ಬಂದು ಕೇಳಿದಳು: "ಅಜ್ಜೀ, ಅಡುಗೆ ಯಾರು ಮಾಡ್ತಾರೆ?"

"ನನ್ನ ಮಗ."

"ಹುಳ? ಹಣ್ಣಾಗೋದೂ ಆ ಹೊತ್ತಿಗೇನೇ."

"ನೀನು ಹುಟ್ಟೋಕ್ ಮುಂಚೆಯಿಂದ ಹುಳ ಸಾಕ್ತಾ ಇದೀನಿ. ನಡಿ ನಡಿ."

ಶಿಬಿರದ ಹುಡುಗಿಯರು ಬೆಟ್ಟದ ಮೇಲೆ ತಂಗುವ ಹಿಂದಿನ ದಿನ ಅವಳು ಶ್ರೀನಿವಾಸಪುರದ ಹತ್ತಿರದ ತಾಯಿಯ ಮನೆಗೆ ಹೋಗಿ ಇಳಿದಾಗ ಸಂಜೆ. ಹಬ್ಬವಿಲ್ಲ, ಮದುವೆಯಿಲ್ಲ, ಮಗಳು ಒಬ್ಬಳೇ ಚೀಲ ಹಿಡಿದು ಬಂದದ್ದು ನೋಡಿ ರಾಮಲಕ್ಷ್ಮಮ್ಮ ಅಂಗಳಕ್ಕೇ ಓಡಿಬಂದಳು.

"ಏನೇ, ಜಗಳ ಆಡ್ಕೊಂಡು ಬಂದ್ಯಾ?"

"ಇಲ್ಲಮ್ಮ. ಒಂದು ರಾತ್ರಿ ಮಲಗಿ ಹೋಗೋಕೆ ಬಂದೆ."

"ನಮ್ಮ ತಮ್ಮ ಹೊಡೆದ್ನಾ?"

"ಹೊಡೆಯೋಕೆ ನಾನು ಒಂದು ಕಡೆ ನಿಂತಿದ್ರೆ ತಾನೇ? ಬೆಟ್ಟ ಹತ್ತೋಕೆ ಬಂದೆ ಕಣಮ್ಮ."

"ಇಲ್ಲಿ ಎಲ್ಲೈತೆ ಬೆಟ್ಟ?"

ಎಲ್ಲವನ್ನೂ ಹೇಳಿದ ಮೇಲೂ ತಾಯಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಪಕ್ಕದ ಮನೆಯ ಹೆಂಗಸರು ಮೂವರು ಒಬ್ಬೊಬ್ಬರಾಗಿ ಮೊಸರು ಕೇಳುವ ನೆಪದಲ್ಲಿ ಬಂದು ಅವಳ ಮುಖ, ಕೈ, ಬೆನ್ನು ನೋಡಿಹೋದರು. ಅಶ್ವತ್ಥಮ್ಮ ಬೆಳಗಾಗುವುದನ್ನೇ ಕಾಯುತ್ತ, ಮಾವಿನ ತೋಪಿನ ಕಡೆ ಹೋಗುವುದು ಬರುವುದು ಮಾಡಿದಳು. ಮೊದಲ ಬಸ್ಸಿಗೆ ಬಹಳ ಮುಂಚೆಯೇ ರಸ್ತೆಯಲ್ಲಿದ್ದಳು.

ಡೇಗಲಹಳ್ಳಿಯ ಗಡಿಕಲ್ಲಿನ ಹತ್ತಿರ ಮುನಿಗಂಗಮ್ಮ ಚೊಂಬು ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಕೋಲೂರಿಕೊಂಡು ಪೆದ್ದಪ್ಪ. "ಬಾಮ್ಮಾ, ನನ್ನ ರಾಮಲಕ್ಷ್ಮಿ ಮಗಳೇ" ಎಂದು ಅಜ್ಜಿ ಅವಳ ಕಾಲಿಗೆ ನೀರು ಹೊಯ್ದಳು. ಎಷ್ಟೋ ವರ್ಷದ ಮೇಲೆ ಆ ಮಾತು ಕೇಳಿದ ಅಶ್ವತ್ಥಮ್ಮನಿಗೆ ನಗುವೋ ಅಳುವೋ ತಿಳಿಯಲಿಲ್ಲ. ಅಜ್ಜಿಯ ಮುಖದಲ್ಲಿ ಮಾತ್ರ ಗಾಬರಿಯಿತ್ತು. ಪೆದ್ದಪ್ಪ ಮುಂದೆ ಹೋದ ಮೇಲೆ ಪಿಸುಗುಟ್ಟಿದಳು: "ಹುಳ ಹಣ್ಣಾಗ್ಬಿಟ್ಟಿದಾವೆ ಕಣೇ. ಇವತ್ತೇ."

ಹಣ್ಣಾದ ಹುಳು ಕಾಯುವುದಿಲ್ಲ. ಮೈ ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಆಡಿಸತೊಡಗಿತೆಂದರೆ ಒಂದೊಂದಾಗಿ ಆರಿಸಿ ಚಂದ್ರಿಕೆಗೆ, ಅಂದರೆ ಸುರುಳಿ ಸುತ್ತಿದ ಬಿದಿರ ತಟ್ಟಿಗೆ, ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳು. ಅಜ್ಜಿಯ ಕಣ್ಣಿಗೆ ಈಗ ಹಣ್ಣು ಯಾವುದು ಕಾಯಿ ಯಾವುದು ಸರಿಯಾಗಿ ಕಾಣದು. ಆಂಜಿನಪ್ಪ ಬಂಗಲೆಯಲ್ಲಿ ಇಪ್ಪತ್ತು ಹುಡುಗಿಯರಿಗೆ ಮುದ್ದೆ ತೊಳಸುತ್ತಿದ್ದ.

ಅಶ್ವತ್ಥಮ್ಮ ತನ್ನ ಮನೆಯ ಮುಂದೆ ಬೀದಿಯಲ್ಲಿ ನಿಂತಳು. ತೆರೆದ ಬಾಗಿಲಿನಿಂದ ತಟ್ಟೆಗಳು ಕಾಣುತ್ತಿದ್ದವು. ಎತ್ತಿದ ತಲೆಗಳೂ ಕಾಣುತ್ತಿದ್ದವು. ಕೈಗಳು ತಾವಾಗಿಯೇ ಸೀರೆಯ ಅಂಚನ್ನು ಹಿಂಡತೊಡಗಿದವು. ಒಂದು ಹೆಜ್ಜೆ ಇಟ್ಟರೆ ಸಾಕು; ಆದರೆ ಇಟ್ಟಳೆಂದರೆ ಸೊಸೆ, ಬೆಟ್ಟದ ಮಾತು ಅಲ್ಲಿಗೆ ಮುಗಿಯಿತು. ಬೀದಿಯಲ್ಲೇ ಆ ಕಡೆ ಈ ಕಡೆ ಓಡಾಡುತ್ತ ಕೂಗಿ ಹೇಳಿದಳು: "ಬಾಗಿಲ ಹತ್ರದ ತಟ್ಟೆ ಮೊದ್ಲು ಅಜ್ಜೀ! ಅದಲ್ಲ, ಅದರ ಕೆಳಗಿಂದು! ಮುಟ್ಟಿದ್ರೆ ಮೆತ್ತಗಿರ್ತಾವೆ, ನೋಡು!" ಎರಡು ಸಲ ಕಾಲು ಮೆಟ್ಟಿಲ ಕಲ್ಲಿನವರೆಗೆ ಹೋಯಿತು.

ಎರಡನೆಯ ಸಲ ಮುನಿಗಂಗಮ್ಮ ಒಳಗಿನಿಂದ ಪೊರಕೆ ಹಿಡಿದೇ ಬಂದಳು.

"ಒಳಗೆ ಬಂದ್ರೆ ಕಾಲು ಮುರೀತೀನಿ. ಬಂದ ನೆಂಟಳು ನೆಂಟಳಂಗಿರು."

"ಅಜ್ಜೀ, ಹುಳ..."

"ಹುಳಕ್ಕೇನು, ಇವತ್ತಲ್ದಿದ್ರೆ ನಾಳೆ ಇನ್ನೊಂದು ಬೆಳೆ. ಪಕ್ಕದ ಮನೇರನ್ನ ಕರ್ಕಂತೀನಿ, ಹೋಗೇ. ನಾನೇನು ಕಣದಲ್ಲಿ ಆ ಮುದಿಯನ ಮುಂದೆ ಸುಮ್ನೆ ಬಾಯಿ ಸವೆಸ್ಕೊಂಡ್ನಾ?"

ಅಶ್ವತ್ಥಮ್ಮ ಬೆನ್ನು ತಿರುಗಿಸಿ ಹೊರಟಳು. ಬಂಗಲೆ ತಲುಪುವವರೆಗೆ ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಓಡಿ ವಾಪಸು ಬರುತ್ತಿದ್ದೆ ಎಂದು ಆಮೇಲೆ ಹೇಳಿದಳು.

ಬಂಗಲೆಯಲ್ಲಿ ಹುಡುಗಿಯರು ಆಂಜಿನಪ್ಪನ ಮುದ್ದೆಯನ್ನು ಬಿಡಿಸಿ ಗಂಟುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದರು. ಹೆಂಡತಿಯನ್ನು ನೋಡಿ ಅವನು ಸೌಟೆತ್ತಿದ.

"ಬನ್ನಿ ನೆಂಟ್ರೇ. ಊಟ ಮಾಡ್ತೀರಾ?"

"ಬೇಡಪ್ಪ. ಬಂಡೆ ಹತ್ತೋಕ್ ಮುಂಚೇನೇ ಹೊಟ್ಟೇಲಿ ಬಂಡೆ ಇಟ್ಕೊಂಡು ಹೋಗ್ಲಾ?"

ಹೊತ್ತು ಇಳಿಮುಖವಾದಾಗ ಹೊರಟರು. ಅನಂತಲಕ್ಷ್ಮಿ ಎಲ್ಲರನ್ನೂ ಒಂದೇ ಹಗ್ಗಕ್ಕೆ ದೂರದೂರ ಕಟ್ಟಿದಳು. ಅಶ್ವತ್ಥಮ್ಮ ಸೀರೆಯನ್ನು ಕಚ್ಚೆ ಹಾಕಿ, ತನಗೆ ಹಗ್ಗ ಯಾತಕ್ಕೆ ಎಂದಳು. ಆದರೂ ಕಟ್ಟಿಸಿಕೊಂಡಳು. ಮೊದಲ ಬಂಡೆಯ ಮೇಲೆ ಬರಿಗಾಲಿಟ್ಟಾಗ ಬಿಸಿಲಿನ ಕಾವು ಇನ್ನೂ ಇತ್ತು. ಗುರುತಿನ ಕಾವು. ಅನಂತಲಕ್ಷ್ಮಿಯ ಬೆನ್ನಿಗೇ, ಹಿಂದಿನ ಹುಡುಗಿಯರ ಹಗ್ಗ ಎಳೆಯುತ್ತ ನಡೆದಳು. ಜಾರುಬಂಡೆ ಬಂತು.

ಅದರ ನಡುವಿನಲ್ಲಿ ಅವಳು ನಿಂತುಬಿಟ್ಟಳು.

ಹಿಂದೆ ಓಡಿ ಹತ್ತಿದ ಬಂಡೆ ಅದೇ. ಆದರೆ ಕಾಲು ಬೇರೆಯಾಗಿದ್ದವು. ಹದಿಮೂರು ವರ್ಷ ಸಗಣಿ ಸಾರಿಸಿದ ನೆಲದ ಮೇಲೆ ಓಡಾಡಿದ ಕಾಲು ಇಳಿಜಾರನ್ನು ಮರೆತಿದ್ದವು. ಕೆಳಗೆ ನೋಡಿದಳು: ಬಂಗಲೆಯ ಹೆಂಚು, ಹೊಗೆ, ಹಿತ್ತಲಲ್ಲಿ ನಿಂತು ಮೇಲೆ ನೋಡುತ್ತಿರುವ ಆಂಜಿನಪ್ಪ. ಮೇಲೆ ನೋಡಿದಳು: ಬೋಳು ಬಂಡೆ, ಆಕಾಶ.

"ಮೇಡಂ, ಇಳಿಸಿಬಿಡಿ."

"ಇಳಿಸ್ತೀನಿ" ಎಂದಳು ಅನಂತಲಕ್ಷ್ಮಿ ಮೇಲಿನಿಂದ, ಹಗ್ಗ ಬಿಗಿಹಿಡಿದು. "ಒಂದು ನಿಮಿಷ ಉಸಿರು ಬಿಡಿ, ಆಮೇಲೆ ಇಳಿಸ್ತೀನಿ."

ಅಶ್ವತ್ಥಮ್ಮ ಉಸಿರು ಬಿಟ್ಟಳು. ಸುಮ್ಮನೆ ನಿಲ್ಲುವುದು ಅವಳಿಗೆ ಬಾರದ ವಿದ್ಯೆ. ಇಳಿಯಬೇಕೆಂದಿದ್ದಳು, ಆದರೆ ಇಳಿಯಲು ಯಾರೋ ಹೇಳುವವರೆಗೆ ಕಾಯಬೇಕು; ಹತ್ತಲು ಯಾರನ್ನೂ ಕಾಯಬೇಕಿಲ್ಲ. ಕೈಯೂರಿ, ಬೈಯುತ್ತ, ಬೆಟ್ಟವನ್ನೂ ಪೆದ್ದಪ್ಪನನ್ನೂ ಗಂಡನ ಮುದ್ದೆಯನ್ನೂ ಒಟ್ಟಿಗೆ ತೆಲುಗಿನಲ್ಲಿ ಶಪಿಸುತ್ತ ಹತ್ತಿದಳು. ಹಿಂದಿದ್ದ ಹುಡುಗಿಯರು ಚಪ್ಪಾಳೆ ತಟ್ಟಿದರು. "ತಟ್ಟಬೇಡ್ರೇ, ಹಗ್ಗ ಹಿಡ್ಕೊಳ್ರೇ!" ಎಂದು ಕಿರುಚಿದಳು.

ನೆತ್ತಿಯ ದೊಣೆ ನೆನಪಿನಲ್ಲಿದ್ದುದಕ್ಕಿಂತ ಚಿಕ್ಕದಾಗಿತ್ತು. ಡಿಸೆಂಬರಿನ ನೀರು ಕಾಲು ಕೊರೆಯುತ್ತಿತ್ತು. ಅವಳು ಕಾಲು ಇಳಿಬಿಟ್ಟು ಕೂತಳು. ಹುಡುಗಿಯರು ಸೌದೆ ಆರಿಸಿ ಬರುವಷ್ಟರಲ್ಲಿ ಎದ್ದು ಗವಿ ಗುಡಿಸುತ್ತಿದ್ದಳು.

ಮುಂಜಾವಿನ ಬಿಸಿಲು ಬಂದಾಗ ಅನಂತಲಕ್ಷ್ಮಿ ಅವಳನ್ನು ಕಂಡದ್ದು ತುತ್ತತುದಿಯ ಗುಂಡಿನ ಮೇಲೆ. ಅವಳು ಊರಿನ ಕಡೆ ನೋಡುತ್ತಿರಲಿಲ್ಲ. ಮಂಜು ಕರಗಿ ಸುತ್ತಲೂ ಬೆಟ್ಟಗಳು ಒಂದೊಂದಾಗಿ ಏಳುತ್ತಿದ್ದವು. ಪೂರ್ವಕ್ಕೆ ಆಂಧ್ರದ ಸಾಲು, ಅತ್ತ ಕುರುಡುಮಲೆ, ಇತ್ತ ಹೆದ್ದಾರಿಯಾಚೆ ಆವಣಿ. ಚಿಕ್ಕಂದಿನಲ್ಲಿ ಅವಳು ಮನೆ ಹುಡುಕಿ ಕೂಗುತ್ತಿದ್ದಳೇ ಹೊರತು ಇಷ್ಟು ಬೆಟ್ಟಗಳಿವೆಯೆಂದು ನೋಡಿರಲಿಲ್ಲ.

"ಮೇಡಂ, ಆ ಬೆಟ್ಟ ಯಾವ್ದು?"

"ಆವಣಿ. ಮೇಲೆ ಸೀತಮ್ಮನ ಗುಡಿ ಇದೆಯಲ್ಲ."

"ಗೊತ್ತು. ಅದು ನಂಗೇನಾಗ್ಬೇಕು?"

ಅನಂತಲಕ್ಷ್ಮಿಗೆ ಪ್ರಶ್ನೆ ತಕ್ಷಣ ಅರ್ಥವಾಗಲಿಲ್ಲ. "ಏನೂ ಆಗಬೇಕಾಗಿಲ್ಲ" ಎಂದಳು.

ಹಿಂದಿರುಗುವುದು ಹೇಗೆಂದು ಆವರೆಗೆ ಯಾರೂ ಯೋಚಿಸಿರಲಿಲ್ಲ. ಮಧ್ಯಾಹ್ನ ಬಂಗಲೆಗಿಳಿದು, ಹಗ್ಗ ಬಿಚ್ಚಿ, ಹುಳು ನೋಡಲು ಮನೆಯ ಕಡೆ ಓಡಹೊರಟ ಅಶ್ವತ್ಥಮ್ಮನನ್ನು ಪೆದ್ದಪ್ಪನ ಕೋಲು ತಡೆಯಿತು.

"ಎಲ್ಲಿಗೆ? ಬೆಟ್ಟದ ಮ್ಯಾಲಿಂದ ಸೀದಾ ಸೊಸೆಯಾಗಿ ಹೋಗ್ತೀಯಾ? ಮೊಮ್ಮಗಳನ್ನ ಮಡಿಲು ತುಂಬಿ ಕಳಿಸ್ಬೇಕು. ಅವರಮ್ಮನ ಮನೆ ಸೇರ್ಲಿ. ಆಮ್ಯಾಕೆ ಸೊಸೆ ಬರ್ಲಿ."

"ಮನೆ ಅಲ್ಲೇ ಕಾಣಿಸ್ತೈತಲ್ಲ ತಾತಾ!"

"ಕಾಣಿಸ್ಲಿ."

ಮುನಿಗಂಗಮ್ಮ ಮೊರದಲ್ಲಿ ಅಕ್ಕಿ, ಎಲೆ ಅಡಿಕೆ, ಕೊಬ್ಬರಿ, ರವಿಕೆಯ ಕಣ ತಂದು ಗಡಿಕಲ್ಲಿನ ಹತ್ತಿರ ಅವಳ ಮಡಿಲು ತುಂಬಿದಳು. ಕೂಗಿದರೆ ಕೇಳುವಷ್ಟು ಹತ್ತಿರದ ಮನೆಯನ್ನು ತಲುಪಲು ಅಶ್ವತ್ಥಮ್ಮ ಹೆದ್ದಾರಿಯ ಬಸ್ಸು ಹತ್ತಿ ಶ್ರೀನಿವಾಸಪುರದ ದಾರಿ ಹಿಡಿದಳು. ಮಡಿಲಕ್ಕಿಯೊಡನೆ ಮತ್ತೆ ಬಂದ ಮಗಳನ್ನು ನೋಡಿ ರಾಮಲಕ್ಷ್ಮಮ್ಮ ಈ ಸಲ ಏನನ್ನೂ ಕೇಳಲಿಲ್ಲ. ತಮ್ಮನನ್ನು ಬೈಯುವ ಮಾತುಗಳನ್ನು ಮಾತ್ರ ಸಿದ್ಧ ಮಾಡಿಕೊಂಡಳು.

ಮರುದಿನ ಬೆಳಿಗ್ಗೆ ಅಶ್ವತ್ಥಮ್ಮ ಮುಳಬಾಗಿಲಿನಲ್ಲಿ ಬಸ್ಸಿಳಿದಳು. ನಂಗಲಿ ಬಸ್ಸು ನಿಂತಿತ್ತು. ಕಂಡಕ್ಟರ್ ಕೂಗುತ್ತಿದ್ದ. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ತಾಯಿಯ ಮನೆಯಿಂದ ಹೊರಟಾಗಿದೆ, ಗಂಡನ ಮನೆ ಇನ್ನೂ ಸೇರಿಲ್ಲ. ಈ ಹೊತ್ತಿನಲ್ಲಿ ತಾನು ಯಾರಿಗೂ ಏನೂ ಆಗಬೇಕಾಗಿಲ್ಲ ಎಂದು ಅವಳಿಗೆ ಹೊಳೆದದ್ದು ಅಲ್ಲೇ. "ಬರೋಂಗಿದ್ರೆ ಹತ್ತಮ್ಮ!" ಎಂದ ಕಂಡಕ್ಟರ್. ಅವಳು ಕಾಲು ತೆಗೆದಳು. ಆವಣಿಯ ಬಸ್ಸು ಆ ಕಡೆ ನಿಂತಿತ್ತು.

ಊರಿಗೆ ಬಂದದ್ದು ಒಂದು ದಿನ ತಡವಾಗಿ. ಶಿಬಿರ ಮುಗಿದು ಬಂಗಲೆ ಖಾಲಿಯಾಗಿತ್ತು. ಆಂಜಿನಪ್ಪ ಮನೆಯ ಮುಂದೆ ಚಂದ್ರಿಕೆಗಳನ್ನು ಬಿಸಿಲಿಗೆ ಓರೆಯಾಗಿ ನಿಲ್ಲಿಸುತ್ತಿದ್ದ.

"ನಿನ್ನೆ ಬಸ್ ಸ್ಟಾಪಿನ ಗಂಟ ಬಂದು ಕಾದೆ" ಎಂದ. "ಎಲ್ಲೋಗಿದ್ದೆ?"

"ಆವಣಿ ಬೆಟ್ಟಕ್ಕೆ."

"ಯಾರ ಜೊತೆ?"

"ಒಬ್ಬಳೇ. ಮಧ್ಯಾಹ್ನದ ಗಂಟ ಮ್ಯಾಲೇ ಇದ್ದೆ. ಬಸ್ ಸಿಗ್ಲಿಲ್ಲ, ಗುಡಿ ಹತ್ರದ ಪೂಜಾರಿ ಮನೇಲಿ ಮಲಗಿದ್ದೆ."

ಆಂಜಿನಪ್ಪ ಚಂದ್ರಿಕೆಯೊಂದನ್ನು ಅವಳ ಕಡೆ ತಿರುಗಿಸಿದ. "ಹುಳ ಗೂಡು ಕಟ್ಟಿದಾವೆ" ಎಂದ. "ಎರಡು ತಟ್ಟೆ ಹೋಯ್ತು. ಉಳಿದಿದ್ದೆಲ್ಲ ಚೆನ್ನಾಗೈತೆ."

ಅಶ್ವತ್ಥಮ್ಮ ಬಗ್ಗಿ ನೋಡಿದಳು. ಹಳದಿ ಗೂಡುಗಳು ಸುರುಳಿಯ ತುಂಬ. "ನಾನಿಲ್ದೇನೂ ಕಟ್ಟಿದ್ವಲ್ಲ" ಎಂದು ಹೊಸ್ತಿಲು ದಾಟಿ ಒಳಗೆ ಹೋದಳು.

ಒಳಗೆ ಮುನಿಗಂಗಮ್ಮ ಖಾಲಿ ತಟ್ಟೆಗಳನ್ನು ಒರೆಸುತ್ತಿದ್ದಳು. ಹೊರಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಬೈಯುತ್ತಾಳೆಂದುಕೊಂಡು ಅಶ್ವತ್ಥಮ್ಮ ಅವಳಿಗಿಂತ ಮುಂಚೆಯೇ ಪೊರಕೆ ಕೈಗೆ ತೆಗೆದುಕೊಂಡಳು. ಅಜ್ಜಿ ತಟ್ಟೆಯನ್ನು ಗೋಡೆಗೆ ಒರಗಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಆವಣೀಲಿ ಮೆಟ್ಲಿದಾವಾ?"

ಗುಡಿಸುತ್ತಿದ್ದ ಅಶ್ವತ್ಥಮ್ಮ ತಲೆಯೆತ್ತಿದಳು. "ಕೆಲವು ಕಡೆ ಇದಾವೆ. ಇಲ್ದೇ ಇರೋ ಕಡೆ ನಾನು ಹಿಡ್ಕಂತೀನಿ."

"ನೀನಾ? ನೀನು ಒಂದು ಕಡೆ ನಿಲ್ಲೋಳಲ್ಲ, ನನ್ನೇನು ಹಿಡ್ಕಂತೀಯೇ?" ಎಂದಳು ಮುದುಕಿ. ಆಮೇಲೆ ಇನ್ನೊಂದು ತಟ್ಟೆಯನ್ನು ತೊಡೆಯ ಮೇಲೆಳೆದುಕೊಂಡು, ಗೂಡು ಬಿಡಿಸಿ ಮಾರ್ಕೆಟ್ಟಿಗೆ ಕಳಿಸಿದ ಮೇಲೆ ಮನೆಯಲ್ಲಿ ಯಾವ ಕೆಲಸವೂ ಇಲ್ಲದ ದಿನ ಯಾವುದು ಎಂದು ಬೆರಳು ಮಡಚತೊಡಗಿದಳು.